ಬೆರಳ ತುದಿಗೆ ಬೇಕಾದ ಅಕ್ಷರ: ಲೂಯಿ ಬ್ರೈಲ್ ಸಮಸ್ಯೆಯನ್ನು ಗುರುತಿಸಿದ ಬಗೆ

ನಮ್ಮ ಯೋಜನಾ ಕಾರ್ಯದ ದಾಖಲೆ ಪುಸ್ತಕದಲ್ಲಿ ಮೊದಲ ಕಾಲಂನ ಹೆಸರು ಸಮಸ್ಯೆಯ ನಿರೂಪಣೆ. ಅದಕ್ಕೆ ಬಿಟ್ಟಿರುವ ಜಾಗ ಎರಡು ಸಾಲು. ಬೋಧನೋಪಕರಣದ ಚಿತ್ರ, ಬೇಕಾದ ಸಾಮಗ್ರಿ, ತಯಾರಿಸುವ ಕ್ರಮ, ಬಳಸುವ ವಿಧಾನ ಇವಕ್ಕೆಲ್ಲ ಸೇರಿ ನಾಲ್ಕು ಪುಟ. ಈ ಅಳತೆಯನ್ನು ನೋಡಿದರೆ ಸಮಸ್ಯೆ ಎಂಬುದು ಎಲ್ಲರಿಗೂ ಮೊದಲೇ ಗೊತ್ತಿರುವ ವಿಷಯ, ಕಷ್ಟವಿರುವುದು ಉಪಕರಣ ಮಾಡುವುದರಲ್ಲಿ ಎಂದೇ ಅನಿಸುತ್ತದೆ. ಆದರೆ ವಿನ್ಯಾಸದ ಚರಿತ್ರೆಯಲ್ಲಿ ಇದಕ್ಕೆ ವಿರುದ್ಧವಾದ ಉದಾಹರಣೆಗಳು ಬಹಳ ಇವೆ. ಅವುಗಳಲ್ಲಿ ಶಿಕ್ಷಕರಾಗುವ ನಮಗೆ ತೀರಾ ಹತ್ತಿರವಾದದ್ದು ಲೂಯಿ ಬ್ರೈಲ್ ಅವರ ಬದುಕು. ಬ್ರೈಲ್ ಲಿಪಿಯನ್ನು ಕಂಡುಹಿಡಿದವರು ಎಂಬ ಒಂದು ಸಾಲಿನಲ್ಲಿ ನಾವೆಲ್ಲ ಅವರನ್ನು ಓದಿದ್ದೇವೆ. ಅವರು ಬದುಕಿನ ಬಹುಭಾಗವನ್ನು ಒಂದು ಶಾಲೆಯಲ್ಲಿ, ಮೊದಲು ವಿದ್ಯಾರ್ಥಿಯಾಗಿ, ನಂತರ ಶಿಕ್ಷಕರಾಗಿ ಕಳೆದರು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ. ಸಮಸ್ಯೆಯನ್ನು ಹೇಗೆ ಹೇಳಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆ ಬದುಕನ್ನು ಇಲ್ಲಿ ಹೇಳುತ್ತೇನೆ.

ಕೂವ್ರೆ ಗ್ರಾಮದ ಹುಡುಗ

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ನಗರದ ಪೂರ್ವಕ್ಕಿರುವ ಕೂವ್ರೆ ಎಂಬ ಸಣ್ಣ ಊರಿನಲ್ಲಿ. ತಂದೆ ಸಿಮೋನ್ ರೆನೆ ಬ್ರೈಲ್ ಕುದುರೆಗಳ ಜೀನು, ಲಗಾಮು ಮಾಡುವ ಕಸುಬಿನವರು. ನಾಲ್ಕು ಮಕ್ಕಳಲ್ಲಿ ಲೂಯಿ ಕೊನೆಯವನು. ಮೂರು ವರ್ಷದವನಿದ್ದಾಗ ತಂದೆಯ ಕೆಲಸದ ಕೋಣೆಯಲ್ಲಿ ಚರ್ಮ ಚುಚ್ಚುವ ಹರಿತವಾದ ಹತಾರದೊಂದಿಗೆ ಆಡುತ್ತಿದ್ದಾಗ ಅದು ಕಣ್ಣಿಗೆ ತಗುಲಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿತು. ಐದು ವರ್ಷ ತುಂಬುವ ಹೊತ್ತಿಗೆ ಎರಡೂ ಕಣ್ಣುಗಳ ದೃಷ್ಟಿ ಪೂರ್ಣವಾಗಿ ಹೋಗಿತ್ತು.

ಆ ಕಾಲದಲ್ಲಿ ಬಡ ಕುಟುಂಬದ ಅಂಧ ಮಗುವಿಗೆ ಭಿಕ್ಷೆ ಬಿಟ್ಟರೆ ದಾರಿಗಳು ಕಡಿಮೆ. ಬ್ರೈಲ್ ದಂಪತಿ ಮಾತ್ರ ಮಗನನ್ನು ಮನೆಯ ಕೆಲಸಗಳಲ್ಲಿ ಸೇರಿಸಿಕೊಂಡು ಬೆಳೆಸಿದರು. ತಂದೆ ಕೋಲು ಮಾಡಿಕೊಟ್ಟು ಊರಿನಲ್ಲಿ ಓಡಾಡಲು ಕಲಿಸಿದರು. ಊರಿನ ಪಾದ್ರಿ ಪಾಲ್ವಿ ಅವರ ಆಸಕ್ತಿಯಿಂದ ಹುಡುಗ ಊರ ಶಾಲೆಗೆ, ಕಣ್ಣು ಕಾಣುವ ಮಕ್ಕಳ ಜೊತೆಗೇ ಹೋದ. ಸಮನ್ವಯ ಶಿಕ್ಷಣ ಎಂಬ ಪದವನ್ನು ನಾವು ಇಂದು ಪಠ್ಯದಲ್ಲಿ ಓದುತ್ತೇವೆ. ಅದರ ಒಂದು ರೂಪ ಇನ್ನೂರು ವರ್ಷಗಳ ಹಿಂದೆ ಈ ಶಾಲೆಯಲ್ಲಿ ಇತ್ತು. ಲೂಯಿ ಕೇಳಿಯೇ ಕಲಿಯುತ್ತಿದ್ದ, ಚೆನ್ನಾಗಿ ಕಲಿಯುತ್ತಿದ್ದ. ಉಳಿದ ಮಕ್ಕಳು ಪುಸ್ತಕ ತೆರೆದಾಗ ಮಾತ್ರ ಅವನಿಗೆ ಮಾಡಲು ಏನೂ ಇರುತ್ತಿರಲಿಲ್ಲ.

1819ರ ಫೆಬ್ರವರಿಯಲ್ಲಿ, ಹತ್ತನೆಯ ವಯಸ್ಸಿನಲ್ಲಿ, ಅವನಿಗೆ ಪ್ಯಾರಿಸ್‌ನ ರಾಜ್ಯಾಶ್ರಯದ ಅಂಧ ಮಕ್ಕಳ ಶಾಲೆಯಲ್ಲಿ ಪ್ರವೇಶ ದೊರೆಯಿತು.

ಕಣ್ಣಿಗಾಗಿ ಮಾಡಿದ ಪುಸ್ತಕ, ಓದಬೇಕಾದದ್ದು ಬೆರಳು

ಈ ಶಾಲೆಯನ್ನು 1780ರ ದಶಕದಲ್ಲಿ ಸ್ಥಾಪಿಸಿದವರು ವ್ಯಾಲೆಂಟಿನ್ ಹಾವಿ. ಅಂಧರೂ ಓದಬಲ್ಲರು ಎಂದು ನಂಬಿ ಅದಕ್ಕಾಗಿ ಪುಸ್ತಕಗಳನ್ನೇ ಮಾಡಿಸಿದ ದೊಡ್ಡ ಮನುಷ್ಯ ಅವರು. ಅವರ ವಿಧಾನ ಹೀಗಿತ್ತು: ಒದ್ದೆ ಕಾಗದವನ್ನು ದೊಡ್ಡ ಅಚ್ಚಿನ ಮೊಳೆಗಳ ಮೇಲೆ ಒತ್ತಿದರೆ ಫ್ರೆಂಚ್ ಅಕ್ಷರಗಳು ಉಬ್ಬಿ ನಿಲ್ಲುತ್ತವೆ. ಅವುಗಳ ಮೇಲೆ ಬೆರಳಾಡಿಸಿ ಓದಬೇಕು.

ಈ ಪುಸ್ತಕಗಳು ಗಾತ್ರದಲ್ಲಿ ದೊಡ್ಡವು, ತೂಕದಲ್ಲಿ ಭಾರ, ಬೆಲೆಯಲ್ಲಿ ದುಬಾರಿ. ಹಾಗಾಗಿ ಶಾಲೆಯಲ್ಲಿದ್ದ ಪ್ರತಿಗಳು ಬಹಳ ಕಡಿಮೆ. ಅದಕ್ಕಿಂತ ಮುಖ್ಯವಾದ ತೊಡಕು ಓದುವ ವೇಗದಲ್ಲಿತ್ತು. ಒಂದು ಅಕ್ಷರದ ವಕ್ರರೇಖೆಯನ್ನು ಬೆರಳು ಸುತ್ತಿ ಬಂದು ಇದು ಇಂಥದ್ದೇ ಎಂದು ನಿರ್ಧರಿಸುವಷ್ಟರಲ್ಲಿ ಸಮಯ ಹೋಗುತ್ತಿತ್ತು. ವಾಕ್ಯದ ಕೊನೆ ಮುಟ್ಟುವಾಗ ಆರಂಭ ನೆನಪಿನಿಂದ ಜಾರುತ್ತಿತ್ತು. ಇನ್ನೊಂದು ದೊಡ್ಡ ಕೊರತೆ ಎಂದರೆ ವಿದ್ಯಾರ್ಥಿಗಳು ಈ ಅಕ್ಷರಗಳನ್ನು ತಾವಾಗಿ ಸುಲಭವಾಗಿ ಬರೆಯಲಾರರು. ಓದುವುದು ಕಷ್ಟದಿಂದಾದರೂ ಸಾಧ್ಯ, ಟಿಪ್ಪಣಿ ಬರೆದುಕೊಂಡು ಮತ್ತೆ ತಾನೇ ಓದುವುದು ಆಗದ ಮಾತು.

ಹಾವಿ ಅವರು ಸಮಸ್ಯೆಯನ್ನು ಹೇಗೆ ಕಂಡರು ಎಂದು ಅವರ ಪುಸ್ತಕವೇ ತಿಳಿಸುತ್ತದೆ. ಕಣ್ಣಿದ್ದವರು ಓದುವ ಅಕ್ಷರವನ್ನು ಅಂಧರಿಗೂ ತಲುಪಿಸುವುದು ಹೇಗೆ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ಉಬ್ಬು ಅಕ್ಷರ ಸರಿಯಾದ ಉತ್ತರವೇ. ತೊಂದರೆ ಇದ್ದದ್ದು ಪ್ರಶ್ನೆಯಲ್ಲಿ. ಅಕ್ಷರದ ಆಕಾರ ಬದಲಾಗಬಾರದು ಎಂಬ ಷರತ್ತು ಅದರೊಳಗೆ ಯಾರಿಗೂ ಕಾಣದಂತೆ ಸೇರಿಕೊಂಡಿತ್ತು. ಕಲಿಸುವವರಿಗೆ ಅದು ಅನುಕೂಲ, ಏಕೆಂದರೆ ಅವರು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ.

ಹನ್ನೆರಡು ಚುಕ್ಕಿಗಳ ಕ್ರಮ

1821ರಲ್ಲಿ, ಲೂಯಿಗೆ ಹನ್ನೆರಡು ವರ್ಷವಿದ್ದಾಗ, ಚಾರ್ಲ್ಸ್ ಬಾರ್ಬಿಯೆ ಎಂಬ ಮಾಜಿ ಸೇನಾಧಿಕಾರಿಯ ಬರವಣಿಗೆಯ ಕ್ರಮವೊಂದು ಶಾಲೆಗೆ ಬಂತು. ಬಾರ್ಬಿಯೆ ಫ್ರೆಂಚ್ ಭಾಷೆಯ ಧ್ವನಿಗಳನ್ನು ಆರು ಅಡ್ಡಸಾಲು, ಆರು ಕಂಬಸಾಲುಗಳ ಚೌಕದಲ್ಲಿ ಜೋಡಿಸಿದ್ದರು. ಒಟ್ಟು 36 ಮನೆಗಳು. ಯಾವುದೇ ಧ್ವನಿಯನ್ನು ಬರೆಯಬೇಕಾದರೆ ಎಡಗಡೆ ಅದರ ಅಡ್ಡಸಾಲಿನ ಸಂಖ್ಯೆಯಷ್ಟು ಚುಕ್ಕಿ, ಬಲಗಡೆ ಕಂಬಸಾಲಿನ ಸಂಖ್ಯೆಯಷ್ಟು ಚುಕ್ಕಿ ಚುಚ್ಚಬೇಕು. ಗಣಿತ ಓದಿದವರಿಗೆ ಇದು ನಿರ್ದೇಶಾಂಕಗಳ ಪದ್ಧತಿ ಎಂದು ತಕ್ಷಣ ಗೊತ್ತಾಗುತ್ತದೆ. ಒಂದು ಧ್ವನಿಗೆ ಹೆಚ್ಚೆಂದರೆ ಹನ್ನೆರಡು ಚುಕ್ಕಿ.

ಬಾರ್ಬಿಯೆ ಎರಡು ದೊಡ್ಡ ಹೆಜ್ಜೆ ಇಟ್ಟಿದ್ದರು. ಗೆರೆಯ ಬದಲು ಚುಕ್ಕಿಯನ್ನು ತಂದರು. ಬೆರಳು ಗೆರೆಗಿಂತ ಚುಕ್ಕಿಯನ್ನು ಚೆನ್ನಾಗಿ ಗ್ರಹಿಸುತ್ತದೆ. ಜೊತೆಗೆ ಗೆರೆಗಳಿರುವ ಹಲಗೆ, ಚುಚ್ಚುವ ಕಡ್ಡಿ ಎರಡನ್ನೂ ಕೊಟ್ಟು ಅಂಧ ವಿದ್ಯಾರ್ಥಿ ತಾನೇ ಬರೆಯುವ ದಾರಿ ತೆರೆದರು. ಶಾಲೆಯ ಮಕ್ಕಳಿಗೆ ಇದು ಸಂಭ್ರಮದ ಸಂಗತಿಯಾಯಿತು.

ಲೂಯಿಯೂ ಈ ಕ್ರಮವನ್ನು ಕಲಿತ. ಕಲಿಯುತ್ತ ಅದರ ಮಿತಿಗಳನ್ನು ಗುರುತಿಸಿದ. ಒಂದನೆಯದು, ಆರು ಚುಕ್ಕಿಗಳ ಉದ್ದದ ಕಂಬ ಬೆರಳ ತುದಿಯಲ್ಲಿ ಒಮ್ಮೆಗೆ ಹಿಡಿಸುವುದಿಲ್ಲ. ಇದನ್ನು ನಾವೇ ಲೆಕ್ಕ ಹಾಕಬಹುದು. ಇಂದಿನ ಬ್ರೈಲ್‌ನಲ್ಲಿ ಒಂದೇ ಕೋಶದ ಪಕ್ಕದ ಎರಡು ಚುಕ್ಕಿಗಳ ನಡುವೆ ಸುಮಾರು 2.5 ಮಿಲಿಮೀಟರ್ ಅಂತರವಿರುತ್ತದೆ. ಅದೇ ಅಂತರದಲ್ಲಿ ಆರು ಚುಕ್ಕಿಗಳ ಕಂಬ ಮಾಡಿದರೆ ಎತ್ತರ 12.5 ಮಿಲಿಮೀಟರ್ ಆಗುತ್ತದೆ. ಬೆರಳು ಮೇಲೆ ಕೆಳಗೆ ಸರಿಯಲೇಬೇಕು. ಎರಡನೆಯದು, ಓದುವವನು ಪ್ರತಿ ಸಲವೂ ಚುಕ್ಕಿಗಳನ್ನು ಎಣಿಸಬೇಕು. ಮೂರನೆಯದು, ಧ್ವನಿಯನ್ನಷ್ಟೇ ಬರೆಯುವುದರಿಂದ ಕಾಗುಣಿತ ಇಲ್ಲ. ಲೇಖನ ಚಿಹ್ನೆಗಳಿಲ್ಲ, ಅಂಕಿಗಳಿಲ್ಲ, ಸಂಗೀತದ ಸ್ವರಲಿಪಿಯೂ ಇಲ್ಲ.

ಈ ಮೂರರಲ್ಲಿ ಕೊನೆಯದು ವಿನ್ಯಾಸದ ದೋಷದಂತೆ ಕಂಡರೂ ನನಗೆ ಅದು ಸಮಸ್ಯೆಯ ನಿರೂಪಣೆಗೆ ಸೇರಿದ್ದು ಎನಿಸುತ್ತದೆ. ಶಾಲೆ ಕಲಿಯದವರೂ ಬೇಗ ಬರೆಯುವಂತಾಗಬೇಕು, ಮಾತು ದಾಖಲಾದರೆ ಸಾಕು ಎಂಬುದು ಬಾರ್ಬಿಯೆ ಅವರ ಆಶಯ. ಲೂಯಿಗೆ ಅಷ್ಟು ಸಾಲದು. ಉಳಿದ ವಿದ್ಯಾವಂತರು ಓದುವ ಸಾಹಿತ್ಯ, ಮಾಡುವ ಲೆಕ್ಕ, ನುಡಿಸುವ ಸಂಗೀತ ಎಲ್ಲವೂ ಅವನಿಗೂ ಬೇಕಿತ್ತು. ಅಂಧ ವಿದ್ಯಾರ್ಥಿಗೆ ಎಷ್ಟು ಕಲಿಕೆ ಸಾಕು ಎಂಬ ಪ್ರಶ್ನೆಗೆ ಇಬ್ಬರ ಉತ್ತರ ಬೇರೆಯಾಗಿತ್ತು. ಹಾಗಾಗಿ ಅವರು ಬಿಡಿಸಿದ ಸಮಸ್ಯೆಯೂ ಬೇರೆಯಾಯಿತು.

ಆರು ಚುಕ್ಕಿಗಳ ಕೋಶ

ಮುಂದಿನ ಮೂರು ವರ್ಷ ಲೂಯಿ ಬಿಡುವಿನ ಸಮಯದಲ್ಲಿ ಮತ್ತು ರಜೆಯಲ್ಲಿ ಕಾಗದ ಚುಚ್ಚಿ ಪ್ರಯೋಗ ಮಾಡಿದ. 1824ರಲ್ಲಿ, ಹದಿನೈದನೆಯ ವಯಸ್ಸಿಗೆ, ಹೊಸ ಲಿಪಿಯ ಮೂಲ ರೂಪ ಸಿದ್ಧವಾಗಿತ್ತು. ಅವನ ಕೆಲಸವನ್ನು ನಮ್ಮ ದಾಖಲೆ ಪುಸ್ತಕದ ಭಾಷೆಯಲ್ಲಿ ಬರೆದರೆ ಸಮಸ್ಯೆಯ ನಿರೂಪಣೆ ಹೀಗಿರಬಹುದು: ಬೆರಳ ತುದಿ ಒಂದೇ ಸ್ಪರ್ಶದಲ್ಲಿ, ಎಣಿಸದೆ, ಗುರುತಿಸಬಲ್ಲ ಚಿಹ್ನೆಗಳು ಬೇಕು. ಅವು ಅಕ್ಷರ, ಅಂಕಿ, ಸಂಗೀತ ಎಲ್ಲಕ್ಕೂ ಸಾಲಬೇಕು. ಓದುವವನೇ ಅವನ್ನು ಬರೆಯಬಲ್ಲವನಾಗಿರಬೇಕು. ಇದು ನನ್ನ ಮಾತುಗಳಲ್ಲಿ ಹೇಳಿದ್ದು, ಆದರೆ ಲಿಪಿಯ ಪ್ರತಿಯೊಂದು ಗುಣವೂ ಈ ಮೂರು ಷರತ್ತುಗಳಿಗೆ ಹೊಂದುತ್ತದೆ.

ಎರಡು ಕಂಬ, ಒಂದೊಂದರಲ್ಲಿ ಮೂರು ಚುಕ್ಕಿ. ಎತ್ತರ ಅರ್ಧಕ್ಕಿಂತ ಕಡಿಮೆಯಾಗಿ ಬೆರಳ ತುದಿಯಲ್ಲಿ ಕೂರುತ್ತದೆ. ಪ್ರತಿ ಚುಕ್ಕಿ ಇರಬಹುದು ಅಥವಾ ಇಲ್ಲದಿರಬಹುದು. ಹಾಗಾಗಿ ಎರಡರ ಆರನೆಯ ಘಾತ, ಅಂದರೆ 64 ವಿನ್ಯಾಸಗಳು. ಎಲ್ಲವೂ ಖಾಲಿ ಇರುವ ಒಂದನ್ನು ಬಿಟ್ಟರೆ 63 ಚಿಹ್ನೆಗಳು ಸಿಗುತ್ತವೆ. ಬಾರ್ಬಿಯೆ ಹನ್ನೆರಡು ಚುಕ್ಕಿಗಳಿಂದ 36 ಚಿಹ್ನೆ ಪಡೆದರೆ ಬ್ರೈಲ್ ಆರರಿಂದಲೇ 63 ಪಡೆದರು. ಬಾರ್ಬಿಯೆಯ ಕ್ರಮದಲ್ಲಿ ಚುಕ್ಕಿಗಳ ಸಂಖ್ಯೆಗೆ ಅರ್ಥವಿತ್ತು, ಬ್ರೈಲ್‌ನಲ್ಲಿ ಚುಕ್ಕಿಯ ಸ್ಥಾನಕ್ಕೆ ಅರ್ಥ ಬಂತು. ಎಂಟನೆಯ ತರಗತಿಯಲ್ಲಿ ಘಾತಾಂಕಗಳ ಪಾಠ ಮಾಡುವ ಸಹಪಾಠಿಗಳು ಈ ಉದಾಹರಣೆಯನ್ನು ಬಳಸಬಹುದು.

ಕಲಿಯುವವರ ನೆನಪಿಗೂ ಬ್ರೈಲ್ ಗಮನ ಕೊಟ್ಟಿದ್ದರು. ಮೊದಲ ಹತ್ತು ಅಕ್ಷರಗಳಿಗೆ ಕೋಶದ ಮೇಲಿನ ನಾಲ್ಕು ಸ್ಥಾನಗಳನ್ನು ಮಾತ್ರ ಬಳಸಿದರು. ಮುಂದಿನ ಹತ್ತಕ್ಕೆ ಅದೇ ವಿನ್ಯಾಸಗಳು, ಕೆಳಗೆ ಎಡಕ್ಕೆ ಒಂದು ಚುಕ್ಕಿ ಹೆಚ್ಚು. ಅದರ ಮುಂದಿನವಕ್ಕೆ ಕೆಳಗಿನ ಎರಡೂ ಚುಕ್ಕಿ. ಹತ್ತನ್ನು ಕಲಿತರೆ ಉಳಿದವು ತಾವಾಗಿ ಬರುತ್ತವೆ. ತಿಳಿದದ್ದರಿಂದ ತಿಳಿಯದ್ದಕ್ಕೆ ಎಂಬ ನಮ್ಮ ಬೋಧನಾ ಸೂತ್ರ ಲಿಪಿಯ ರಚನೆಯಲ್ಲೇ ಅಡಗಿದೆ.

1828ರ ಸುಮಾರಿಗೆ ಬ್ರೈಲ್ ಅದೇ ಶಾಲೆಯಲ್ಲಿ ಸಹಾಯಕ ಬೋಧಕರಾದರು, 1833ರಲ್ಲಿ ಪೂರ್ಣ ಪ್ರಮಾಣದ ಶಿಕ್ಷಕರಾದರು. ಪ್ಯಾರಿಸ್‌ನ ಚರ್ಚುಗಳಲ್ಲಿ ಆರ್ಗನ್ ವಾದಕರಾಗಿಯೂ ಹೆಸರು ಪಡೆದರು. 1829ರಲ್ಲಿ ಲಿಪಿಯ ವಿವರಣೆಯನ್ನು ಪುಸ್ತಕವಾಗಿ ಪ್ರಕಟಿಸಿದಾಗ ಬಾರ್ಬಿಯೆ ಅವರಿಗೆ ಸಲ್ಲಬೇಕಾದ ಕೃತಜ್ಞತೆಯನ್ನು ಅದರಲ್ಲಿ ಸಲ್ಲಿಸಿದರು. ಈ ಮೊದಲ ಆವೃತ್ತಿಯಲ್ಲಿ ಚುಕ್ಕಿಗಳ ಜೊತೆ ಕೆಲವು ಅಡ್ಡಗೆರೆಗಳೂ ಇದ್ದವು. ಬಳಕೆಯಲ್ಲಿ ಗೆರೆಗಳು ತೊಡಕೆನಿಸಿದವು. 1837ರ ಎರಡನೆಯ ಆವೃತ್ತಿಯಲ್ಲಿ ಅವು ಹೋದವು. ಎಂಟು ವರ್ಷ ತರಗತಿಯಲ್ಲಿ ಬಳಸಿ ನೋಡಿ ಮಾಡಿದ ತಿದ್ದುಪಡಿ ಇದು.

ವಿರೋಧ ಬಂದದ್ದು ಎಲ್ಲಿಂದ

ಆಗಿನ ನಿರ್ದೇಶಕ ಪಿನ್ಯೆ ಹೊಸ ಲಿಪಿಗೆ ಪ್ರೋತ್ಸಾಹ ಕೊಟ್ಟಿದ್ದರು. 1840ರಲ್ಲಿ ಅವರ ಸ್ಥಾನಕ್ಕೆ ದ್ಯೂಫೋ ಬಂದರು. ಹೊಸ ನಿರ್ದೇಶಕರಿಗೆ ಉಬ್ಬು ಅಕ್ಷರವೇ ಸರಿ ಎನಿಸಿತು. ಅಂಧರಿಗೆ ಪ್ರತ್ಯೇಕ ಲಿಪಿ ಕೊಟ್ಟರೆ ಅವರು ಸಮಾಜದಿಂದ ಇನ್ನಷ್ಟು ದೂರವಾಗುತ್ತಾರೆ ಎಂಬ ವಾದ ಆ ಕಾಲದಲ್ಲಿ ಬಲವಾಗಿತ್ತು. ಶಾಲೆಯಲ್ಲಿ ಬ್ರೈಲ್ ಬಳಕೆಗೆ ನಿಷೇಧ ಬಂತು, ಹಳೆಯ ಪುಸ್ತಕಗಳನ್ನು ಸುಟ್ಟದ್ದೂ ಉಂಟು. ವಿದ್ಯಾರ್ಥಿಗಳು ಮಾತ್ರ ಗುಟ್ಟಾಗಿ ಚುಕ್ಕಿಗಳಲ್ಲೇ ಬರೆದುಕೊಳ್ಳುತ್ತಿದ್ದರು. ಅವರ ಕೈಯಲ್ಲಿ ಆಗಲೇ ಟಿಪ್ಪಣಿ, ಪತ್ರ, ಸ್ವರಲಿಪಿ ಎಲ್ಲ ಬಂದಿದ್ದವು. ಅದನ್ನು ಬಿಟ್ಟುಕೊಡಲು ಅವರು ಸಿದ್ಧರಿರಲಿಲ್ಲ.

ಸಹಾಯಕರಾಗಿದ್ದ ಗಾದೆ ಎಂಬವರು ಇದನ್ನು ಗಮನಿಸಿ ನಿರ್ದೇಶಕರ ಮನ ಒಲಿಸಿದರು. 1844ರ ಫೆಬ್ರವರಿಯಲ್ಲಿ ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯ ದಿನ ಸಭೆಯ ಎದುರು ಈ ಲಿಪಿಯ ಪ್ರಾತ್ಯಕ್ಷಿಕೆ ನಡೆಯಿತು.

ಸಮಾಜದಿಂದ ದೂರವಾಗುತ್ತಾರೆ ಎಂಬ ಆಕ್ಷೇಪವನ್ನು ಬ್ರೈಲ್ ತಳ್ಳಿಹಾಕಲಿಲ್ಲ ಎಂಬುದು ಈ ಬದುಕಿನಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಅದನ್ನು ಅವರು ಎರಡನೆಯ, ಬೇರೆಯೇ ಆದ ಸಮಸ್ಯೆಯಾಗಿ ತೆಗೆದುಕೊಂಡರು. ಅಂಧ ವ್ಯಕ್ತಿ ಬರೆದದ್ದನ್ನು ಕಣ್ಣಿರುವವರು ಏನೂ ಹೊಸದು ಕಲಿಯದೆ ಓದುವಂತಾಗಬೇಕು. ಇಲ್ಲಿ ಓದುವುದು ಕಣ್ಣು, ಆದ್ದರಿಂದ ಅಕ್ಷರದ ಆಕಾರ ಸಾಮಾನ್ಯ ಅಕ್ಷರದ್ದೇ ಇರಬೇಕು. 1839ರಲ್ಲಿ ಅವರು ಹತ್ತು ಚುಕ್ಕಿ ಎತ್ತರದ ಚೌಕದಲ್ಲಿ ಚುಕ್ಕಿಗಳಿಂದಲೇ ಫ್ರೆಂಚ್ ಅಕ್ಷರಗಳನ್ನು ರಚಿಸುವ ಕ್ರಮ ಪ್ರಕಟಿಸಿದರು. ಕೈಯಿಂದ ಅದು ನಿಧಾನವಾಗುತ್ತಿತ್ತು. ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ತಾವೂ ಅಂಧರಾದ ಪಿಯೆರ್ ಫೂಕೋ, ಆ ಕೆಲಸಕ್ಕೆ ಒಂದು ಯಂತ್ರ ಮಾಡಿಕೊಟ್ಟರು. ಬೆರಚ್ಚು ಯಂತ್ರದ ಪೂರ್ವಜರಲ್ಲಿ ಅದನ್ನೂ ಎಣಿಸುತ್ತಾರೆ. ಹಾವಿ ಒಂದೇ ಉಪಕರಣದಿಂದ ಬಿಡಿಸಲು ಹೊರಟದ್ದನ್ನು ಬ್ರೈಲ್ ಎರಡು ಸಮಸ್ಯೆಗಳಾಗಿ ಬೇರ್ಪಡಿಸಿ ಎರಡು ವಿನ್ಯಾಸಗಳಿಂದ ಬಿಡಿಸಿದರು.

ಕ್ಷಯರೋಗ ಬ್ರೈಲ್ ಅವರನ್ನು ಅನೇಕ ವರ್ಷ ಕಾಡಿತು. 1852ರ ಜನವರಿ 6ರಂದು, ನಲವತ್ತಮೂರು ತುಂಬಿ ಎರಡು ದಿನಕ್ಕೆ, ಅವರು ತೀರಿಕೊಂಡರು. ಅವರ ಶಾಲೆ ಲಿಪಿಯನ್ನು ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. 1878ರ ಪ್ಯಾರಿಸ್ ಸಮ್ಮೇಳನ ಅದನ್ನು ಇತರ ದೇಶಗಳಿಗೂ ಶಿಫಾರಸು ಮಾಡಿತು. ಮರಣದ ನೂರನೆಯ ವರ್ಷ, 1952ರಲ್ಲಿ, ಅವರ ಅವಶೇಷಗಳನ್ನು ಪ್ಯಾರಿಸ್‌ನ ಪ್ಯಾಂಥಿಯಾನ್‌ಗೆ ಒಯ್ದರು. ಕೈಗಳನ್ನು ಮಾತ್ರ ಕೂವ್ರೆಯಲ್ಲೇ ಉಳಿಸಿಕೊಂಡರು.

ಕನ್ನಡದ ಬೆರಳಿಗೆ

ಭಾರತದಲ್ಲಿ ಬೇರೆ ಬೇರೆ ಕಡೆ ಬೇರೆ ಬೇರೆ ಬ್ರೈಲ್ ಕ್ರಮಗಳಿದ್ದವು. 1951ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತಿ ಬ್ರೈಲ್ ಜಾರಿಗೆ ಬಂತು. ಕನ್ನಡದ ಕ, ಹಿಂದಿಯ ಕ, ತಮಿಳಿನ ಕ ಮೂರಕ್ಕೂ ಚುಕ್ಕಿಗಳು ಒಂದೇ. ಎಡ ಕಂಬದಲ್ಲಿ ಮೇಲಿನಿಂದ 1, 2, 3, ಬಲ ಕಂಬದಲ್ಲಿ 4, 5, 6 ಎಂದು ಸ್ಥಾನಗಳನ್ನು ಹೆಸರಿಸಿದರೆ ಅ ಎಂದರೆ 1, ಕ ಎಂದರೆ 1 ಮತ್ತು 3. ಮರ ಎಂದು ಬರೆಯಲು ಮೊದಲ ಕೋಶದಲ್ಲಿ 1, 3, 4, ಎರಡನೆಯದರಲ್ಲಿ 1, 2, 3, 5. ಹಲಗೆಯ ಮೇಲೆ ಬರೆಯುವಾಗ ಕಾಗದದ ಹಿಂಬದಿಯಿಂದ, ಬಲದಿಂದ ಎಡಕ್ಕೆ ಚುಚ್ಚಬೇಕು. ತಿರುಗಿಸಿದಾಗ ಚುಕ್ಕಿಗಳು ಉಬ್ಬಿ ಎಡದಿಂದ ಬಲಕ್ಕೆ ಓದಿಸಿಕೊಳ್ಳುತ್ತವೆ. ನಮ್ಮ ಲಿಪಿಯ ಗುಂಡಗಿನ ಅಕ್ಷರಗಳನ್ನು ಹಾವಿ ಅವರ ಕ್ರಮದಲ್ಲಿ ಉಬ್ಬಿಸಿದ್ದರೆ ಒತ್ತಕ್ಷರಗಳನ್ನು ಬೆರಳಿನಿಂದ ಬಿಡಿಸಿಕೊಳ್ಳುವುದು ಎಷ್ಟು ಕಷ್ಟವಾಗುತ್ತಿತ್ತೆಂದು ಊಹಿಸಬಹುದು.

ನಮ್ಮ ಯೋಜನೆಗೆ ಇದರಿಂದ ಏನು

ಅಭ್ಯಾಸ ಬೋಧನೆಯ ಶಾಲೆಯಲ್ಲಿ ನಾನು ಒಂಬತ್ತನೆಯ ತರಗತಿಗೆ ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣ ಪಾಠ ಮಾಡುತ್ತಿದ್ದೇನೆ. ಆ ತರಗತಿಯಲ್ಲಿ ದೃಷ್ಟಿ ತುಂಬ ಮಂದವಾಗಿರುವ ಒಬ್ಬ ವಿದ್ಯಾರ್ಥಿ ಇದ್ದಾನೆ. ಬೀಜಗಣಿತದಲ್ಲಿ ಚುರುಕು. ನಕ್ಷಾಕಾಗದ ತೆಗೆದ ದಿನ ಅವನು ಕೈಕಟ್ಟಿ ಕೂರಬೇಕಾಗುತ್ತದೆ. ನಮ್ಮ ಗುಂಪಿನ ಈ ಸಲದ ವಿನ್ಯಾಸ ಯೋಜನೆ ಅವನ ಸುತ್ತಲೇ ಇದೆ.

ಸಮಸ್ಯೆಯ ನಿರೂಪಣೆಗಾಗಿ ಗುಂಪಿನಲ್ಲಿ ಮೂರು ವಾಕ್ಯಗಳು ಬಂದವು. ದೊಡ್ಡ ಚೌಕಗಳ ನಕ್ಷಾಕಾಗದ ಬೇಕು ಎಂಬುದು ಒಂದು. ಇದರಲ್ಲಿ ಪರಿಹಾರ ಆಗಲೇ ತೀರ್ಮಾನವಾಗಿಬಿಟ್ಟಿದೆ, ಹಾವಿ ಅವರ ಪ್ರಶ್ನೆಯಲ್ಲಿ ಅಕ್ಷರದ ಆಕಾರ ತೀರ್ಮಾನವಾಗಿದ್ದಂತೆ. ವಿದ್ಯಾರ್ಥಿಗೆ ನಕ್ಷೆಯ ಪರಿಕಲ್ಪನೆಯನ್ನು ಮನವರಿಕೆ ಮಾಡಿಸಬೇಕು ಎಂಬುದು ಇನ್ನೊಂದು. ಇದು ಮಾತು ದಾಖಲಾದರೆ ಸಾಕು ಎಂದಂತೆ. ಉಳಿದವರು ನಕ್ಷೆ ಎಳೆಯುತ್ತಾರೆ, ಇವನು ಕೇಳಿ ತಿಳಿದರೆ ಸಾಕು ಎಂಬ ಅರ್ಥ ಅದರಲ್ಲಿದೆ. ಮೂರನೆಯ ವಾಕ್ಯ ಬರೆಯುವ ಮೊದಲು ನಾವು ಅವನನ್ನೇ ಕೇಳಿದೆವು. ಗೋಡೆಯ ಮೇಲೆ ದೊಡ್ಡ ಪಟ ತೂಗುಹಾಕಿದರೆ ಹತ್ತಿರ ಹೋಗಿ ನೋಡಬಲ್ಲೆ, ಆದರೆ ಇಡೀ ತರಗತಿ ತನ್ನನ್ನೇ ನೋಡುತ್ತಿರುತ್ತದೆ ಎಂದು ಅವನು ಹೇಳಿದ. ತನ್ನ ಬೆಂಚಿನ ಮೇಲೆ, ತಾನೇ ಮಾಡಿ, ಸರಿಯಿಲ್ಲದಿದ್ದರೆ ತೆಗೆದು ಮತ್ತೆ ಮಾಡುವಂತಿರಬೇಕು ಎಂದ.

ಹಾಗಾಗಿ ಮೂರನೆಯ ವಾಕ್ಯ ಉದ್ದವಾಯಿತು: ಒಂಬತ್ತನೆಯ ತರಗತಿಯ ವಿದ್ಯಾರ್ಥಿ ತನ್ನ ಬೆಂಚಿನಲ್ಲಿ ಕುಳಿತು, ಕೈಬೆರಳುಗಳಿಂದ, ಇನ್ನೊಬ್ಬರ ನೆರವಿಲ್ಲದೆ ಎರಡು ಬಿಂದುಗಳನ್ನು ಗುರುತಿಸಿ ರೇಖೆ ಎಳೆಯಬೇಕು, ಮೂರನೆಯ ಬಿಂದು ಅದರ ಮೇಲಿದೆಯೇ ಎಂದು ಪರೀಕ್ಷಿಸಬೇಕು, ಬೇಕಾದಾಗ ಅಳಿಸಿ ಮತ್ತೆ ಮಾಡಬೇಕು. ನಾನು ಈ ವಾಕ್ಯದ ಪರವಾಗಿದ್ದೇನೆ. ಇದನ್ನು ಒಪ್ಪಿದ ಮೇಲೆ ಬೆಂಡಿನ ಹಲಗೆ, ಗುಂಡುಸೂಜಿ, ರಬ್ಬರ್ ಬ್ಯಾಂಡ್, ಅಕ್ಷಗಳಿಗೆ ದಪ್ಪ ದಾರ ಎಂಬ ಪಟ್ಟಿ ತಾನಾಗಿ ಬಂತು. ಗೋಡೆ ಪಟದ ಯೋಚನೆ ಬಿದ್ದುಹೋಯಿತು. ಹಲಗೆಯ ಮೊದಲ ಮಾದರಿಯನ್ನು ಮುಂದಿನ ವಾರ ಅವನ ಕೈಗೆ ಕೊಡುತ್ತೇವೆ. ಅವನು ಏನು ಬದಲಿಸಲು ಹೇಳುತ್ತಾನೋ ಅದನ್ನು ಎರಡನೆಯ ಮಾದರಿಯಲ್ಲಿ ಸೇರಿಸುತ್ತೇವೆ. ಇನ್ನು ಐದು ವಾರಗಳಲ್ಲಿ ನಮ್ಮ ಬೋಧನಾಭ್ಯಾಸ ಮುಗಿಯುತ್ತದೆ. ಅವನು ಆ ತರಗತಿಯಲ್ಲೇ ಇರುತ್ತಾನೆ. ಆದ್ದರಿಂದ ನಾವು ಹೋದ ಮೇಲೂ ತರಗತಿಯ ಶಿಕ್ಷಕರು ಖರ್ಚಿಲ್ಲದೆ ದುರಸ್ತಿ ಮಾಡಿಕೊಳ್ಳುವಂತಿರಬೇಕು ಎಂಬ ಷರತ್ತನ್ನೂ ಕಾಲಂನಲ್ಲಿ ಬರೆದಿದ್ದೇವೆ.

ಮಾರ್ಗದರ್ಶಕ ಉಪನ್ಯಾಸಕರಲ್ಲಿ ಒಂದು ವಿನಂತಿ ಇದೆ. ಮುಂದಿನ ವರ್ಷದ ದಾಖಲೆ ಪುಸ್ತಕದಲ್ಲಿ ಮೊದಲ ಕಾಲಂಗೆ ಒಂದು ಪೂರ್ಣ ಪುಟ ಕೊಡಬಹುದು. ಅದರಲ್ಲಿ ಮೂರು ಪ್ರಶ್ನೆ ಸಾಕು. ಇದನ್ನು ಬಳಸುವವರು ಯಾರು, ಅವರನ್ನು ಕೇಳಿದ್ದೀರಾ? ಬಳಸುವವರು ಇದರಿಂದ ತಾವಾಗಿ ಏನು ಮಾಡಬಲ್ಲವರಾಗಬೇಕು? ನಿಮ್ಮ ವಾಕ್ಯದಲ್ಲಿ ಉಪಕರಣದ ಹೆಸರು ಆಗಲೇ ಬಂದಿದೆಯೇ? ಮೂರನೆಯದಕ್ಕೆ ಹೌದು ಎಂಬ ಉತ್ತರ ಬಂದರೆ ಆ ಹೆಸರನ್ನು ತೆಗೆದು ವಾಕ್ಯವನ್ನು ಮತ್ತೊಮ್ಮೆ ಬರೆಸಬಹುದು.